ಹೆಸರು ಕೂಗದೆ ಸುರಿದ ಬುಟ್ಟಿ

ನಮ್ಮಜ್ಜನ ಅಜ್ಜನಿಗೂ ಹಲ್ಲು ಮೂಡದಿದ್ದ ಕಾಲದ ಮಾತಿದು. ಕಂಚಿನಕೋಟೆ ಅಂತ ಒಂದು ರಾಜ್ಯ. ಆ ಕೋಟೆಯ ಹೊರಗೆ ಮಬ್ಬುಗಾರ ಅನ್ನುವ ಮಾಂತ್ರಿಕ. ಜನ ಬಾಯಿಬಿಟ್ಟು ಹೇಳದೆ ನುಂಗಿಕೊಂಡ ಮಾತುಗಳೇ ಅವನ ಊಟ. ಉಂಡು ತೇಗಿದರೆ ಬಾಯಿಂದ ಮಂಜು ಬರುತ್ತಿತ್ತು. ಆ ಮಂಜಿಗೆ ಸಿಕ್ಕ ಮನುಷ್ಯರು ಮೃಗವೋ ಪಕ್ಷಿಯೋ ಆಗಿಬಿಡುತ್ತಿದ್ದರು.

ಅವನು ಕೋಟೆಯೊಳಗೆ ಕಾಲಿಡದಂತೆ ತಡೆದದ್ದು ಸೈನ್ಯವಲ್ಲ, ಅರಮನೆಯ ಹಿತ್ತಲಿನ ಒಂದು ಪದ್ಧತಿ. ಅಡುಗೆಮನೆಯಲ್ಲಿ ಉಳಿದದ್ದನ್ನು ದಿನಾ ಬೆಳಿಗ್ಗೆ ರಾಜಕುಮಾರನೇ ಬುಟ್ಟಿಯಲ್ಲಿ ತಂದು ಕೋಳಿಗಳಿಗೆ ಹಾಕಬೇಕು. ಹಾಕುವ ಮೊದಲು ಬುಟ್ಟಿಯಲ್ಲಿ ಇರುವುದೆಲ್ಲವನ್ನೂ ಹೆಸರು ಹಿಡಿದು ಕೂಗಬೇಕು. ಕೂಗಬೇಕಾದರೆ ನೋಡಲೇಬೇಕಲ್ಲ! ನೋಡಿದರೆ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ, ಆರಿಸಿ ಬಿಸಾಡಬಹುದು. ರಾಜಕುಮಾರನೇ ಎಲ್ಲವನ್ನೂ ಕೂಗಿ ಹೇಳುವ ಕೋಟೆಯಲ್ಲಿ, ಮಾತು ನುಂಗದಿದ್ದರೆ ಮಬ್ಬುಗಾರನಿಗೆ ಊಟವೆಲ್ಲಿ?

ರಾಜಕುಮಾರ ಜಯಭೋಜನಿಗೆ ಇದನ್ನು ಕಲಿಸಿದವಳು ಅಡುಗೆಮನೆಯ ಸಿರಿಯವ್ವ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳೂ ಅವಳೇ.

ಒಂದು ಸಲ ಅರಮನೆಯಲ್ಲಿ ದೊಡ್ಡ ಔತಣ. ಮರುದಿನ ಬೆಳಿಗ್ಗೆ ನೆರೆರಾಜ್ಯದ ರಾಜಕುಮಾರರು ಉಪ್ಪರಿಗೆಯಲ್ಲಿ ನಿಂತು ಹಿತ್ತಲು ನೋಡುತ್ತಿದ್ದರು. ಜಯಭೋಜ "ಸೌತೆಕಾಯಿ ಸಿಪ್ಪೆ!" ಅಂತ ಕೂಗಿದ್ದೇ ತಡ, ಮೇಲಿನಿಂದ ಒಬ್ಬ ನಕ್ಕ.

"ಏನಪ್ಪಾ, ಸಿಪ್ಪೆಗೂ ಬಹುಪರಾಕು ಹೇಳ್ತೀಯಾ?"

ಜಯಭೋಜನ ಕಿವಿ ಕೆಂಪಾಯಿತು. ಬಾಯಿ ಮುಚ್ಚಿಕೊಂಡು, ನೋಡದೆ, ಬುಟ್ಟಿಯನ್ನು ಹಾಗೇ ಕವುಚಿಹಾಕಿ ಬಂದುಬಿಟ್ಟ. ಅದರೊಳಗೆ ಏನಿತ್ತು ಗೊತ್ತೇ? ಉಗ್ರಾಣದ ಮೂಲೆಯಲ್ಲಿ ಬೂಷ್ಟು ಹಿಡಿದಿದ್ದ ಹೋಳಿಗೆ, ಉಪ್ಪಿನಕಾಯಿ ಕಲಸಿದ ಅನ್ನ, ಬೇಯಿಸದೆ ಉಳಿದ ಅವರೆಕಾಳು. ಕೋಳಿಗೆ ಒಂದೂ ಆಗದು.

ಸಂಜೆಯ ಹೊತ್ತಿಗೆ ಕೋಳಿಗಳೆಲ್ಲ ರೆಕ್ಕೆ ಜೋಲು ಬಿಟ್ಟು ತೂಕಡಿಸಿದವು. ಕೆಂಚ ಎನ್ನುವ ಹುಂಜ ಜಯಭೋಜನ ಹೆಗಲ ಮೇಲೆ ಕೂತು ಬೆಳೆದದ್ದು. ಅವನು ತಂದದ್ದು ಅಂತ ಎಲ್ಲಕ್ಕಿಂತ ಹೆಚ್ಚು ತಿಂದಿತ್ತು, ಪಾಪ. ಅದು ಸತ್ತುಹೋಯಿತು. ಮಂಜು ಕೋಟೆಯ ಬಾಗಿಲಿಗೆ ಬಂದು ನಿಂತಿತು.

"ಕೋಳಿಗೆ ಕೆಟ್ಟದ್ದು ಹೇಗೆ ಬಿತ್ತು? ಹೆಸರು ಕೂಗಿ ಹಾಕಿದ್ಯೋ ಇಲ್ವೋ?" ಅಂತ ರಾಜ ತುಂಬಿದ ಸಭೆಯಲ್ಲಿ ಗುಡುಗಿದ.

ಜಯಭೋಜ ತನ್ನ ಕಾಲ್ಬೆರಳು ನೋಡುತ್ತಾ ನಿಂತ. ಅತಿಥಿಗಳು ಅಲ್ಲೇ ಕೂತಿದ್ದರು. ಸಿರಿಯವ್ವ ಅವನ ಮುಖವನ್ನೊಮ್ಮೆ ನೋಡಿದಳು, ಮುಂದೆ ಬಂದಳು.

"ಬುಟ್ಟಿ ತುಂಬಿದ್ದು ನಾನೇ ದೊರೆ. ತಪ್ಪು ನಂದು."

ರಾಜ ಅವಳನ್ನು ಕೋಟೆಯಿಂದ ಹೊರಗೆ ಕಳಿಸಿದ. ಜಯಭೋಜ ಆಗಲೂ ಬಾಯಿ ಬಿಡಲಿಲ್ಲ. ಛೇ, ಹೇಳಲು ನನಗೇ ನಾಚಿಕೆಯಾಗುತ್ತದೆ! ಬಾಗಿಲು ದಾಟಿದ್ದೇ ತಡ, ಮಂಜು ಸಿರಿಯವ್ವನನ್ನು ನುಂಗಿತು.

ಅಂದು ರಾತ್ರಿ ಜಯಭೋಜ ಊಟದ ಎಲೆ ಪಕ್ಕಕ್ಕೆ ಸರಿಸಿದ. ಯಾರಿಗೂ ಹೇಳದೆ ಎದ್ದು ಮಂಜಿನೊಳಗೆ ನಡೆದ. ನಡೆದೂ ನಡೆದೂ ಮಬ್ಬುಗಾರನ ಅಂಗಳ ಸಿಕ್ಕಿತು. ಅಲ್ಲೊಂದು ಬಿಳಿ ಕೋಳಿ ಮುದುಡಿ ಕೂತಿತ್ತು. ಅದರ ಕಣ್ಣು ಸಿರಿಯವ್ವನದೇ.

"ಬಾರಯ್ಯಾ ಬಾ, ನಿನ್ನಿಂದಲೇ ಹೊಟ್ಟೆ ತುಂಬಿದೆ, ಅದಕ್ಕೇ ನಿನ್ನನ್ನ ಮಂಜು ಮುಟ್ಟದ ಹಾಗೆ ಬಿಟ್ಟೆ," ಅಂದ ಮಬ್ಬುಗಾರ. "ಮೂರು ಬಟ್ಟಲು ಕೊಡ್ತೀನಿ. ಸರಿಯಾದದ್ದು ತಿಂದರೆ ಇವಳು ಮನುಷ್ಯಳಾಗ್ತಾಳೆ. ಕೆಟ್ಟದ್ದು ತಿಂದರೆ ಕೆಂಚನ ಹಾದಿ."

ಮೊದಲನೆಯದು ಬಂಗಾರದ ಬಟ್ಟಲು. ಅದರಲ್ಲಿ ತುಪ್ಪ ಸವರಿದ ಹೋಳಿಗೆ. ಜಯಭೋಜ ಮಗುಚಿ ನೋಡಿದ. ಅಡಿಯಲ್ಲಿ ಹಸಿರು ಬೂಷ್ಟು. "ಬೂಷ್ಟು ಹಿಡಿದ ಹೋಳಿಗೆ! ಹಾಕೋದಿಲ್ಲ," ಅಂದ.

ಎರಡನೆಯದು ಬೆಳ್ಳಿ ಬಟ್ಟಲು, ಘಮಘಮ ಅನ್ನ. ಬೆರಳಲ್ಲಿ ಕೆದಕಿದ. ಉಪ್ಪಿನಕಾಯಿ ರಸ, ನಡುವೆ ಕಲ್ಲಿನಂಥ ಹಸಿ ಕಾಳು. "ಉಪ್ಪಿನಕಾಯಿ ಅನ್ನ, ಬೇಯದ ಅವರೆಕಾಳು! ಹಾಕೋದಿಲ್ಲ."

ಮೂರನೆಯದು ಮಣ್ಣಿನ ಬಟ್ಟಲು. ಎಷ್ಟು ಹುಡುಕಿದರೂ ಅದರಲ್ಲಿ ಕೆಟ್ಟದ್ದಿಲ್ಲ. "ಸಪ್ಪೆ ಅನ್ನ! ಹರಿವೆ ಸೊಪ್ಪು! ಕುಂಬಳದ ಬೀಜ!" ಅಂತ ಕೂಗಿ ಮುಂದಿಟ್ಟ.

ಕೋಳಿ ಮುಟ್ಟಲಿಲ್ಲ. ಮುಖ ತಿರುಗಿಸಿತು.

"ತಿನ್ನವ್ವಾ, ಎಲ್ಲಾ ಕೂಗಿದೀನಲ್ಲ," ಅಂತ ಗೋಗರೆದ. ಕೋಳಿ ಅವನನ್ನೇ ದಿಟ್ಟಿಸಿತು. ಸಭೆಯಲ್ಲಿ ನೋಡಿದ್ದ ಅದೇ ನೋಟ. ಆಗ ಅವನಿಗೆ ಗೊತ್ತಾಯಿತು. ತಂದದ್ದರಲ್ಲಿ ಒಂದನ್ನು ಅವನು ಇನ್ನೂ ಕೂಗಿರಲಿಲ್ಲ. ಮೈಯೆಲ್ಲ ನಾಚಿಕೆಯಿಂದ ಸುಟ್ಟುಹೋಯಿತು. ಆದರೂ ಕಣ್ಣು ಮುಚ್ಚಿ ಕೂಗಿದ.

"ನನ್ನ ತಪ್ಪು! ನೋಡದೆ ಸುರಿದವನು ನಾನು! ಕೆಂಚನ್ನ ಕೊಂದವನು ನಾನು! ಸಿರಿಯವ್ವನ ಮೇಲೆ ಅಪವಾದ ಬಂದಾಗ ಸುಮ್ಮನೆ ನಿಂತವನೂ ನಾನೇ!"

"ಅಯ್ಯೋ, ಮೆಲ್ಲಗೆ ಹೇಳೋ!" ಮಬ್ಬುಗಾರ ಹೊಟ್ಟೆ ಹಿಡಿದುಕೊಂಡ. ಮಂಜು ಆ ಕೂಗನ್ನು ಹೊತ್ತುಕೊಂಡು ಕೋಟೆಯವರೆಗೂ ಹೋಯಿತು. ರಾಜನಿಗೂ ಕೇಳಿಸಿತು, ಉಪ್ಪರಿಗೆಯವರಿಗೂ ಕೇಳಿಸಿತು. ನುಂಗಿದ ಮಾತು ಹೊಟ್ಟೆಯಿಂದ ಹೊರಬಿದ್ದಂತೆಲ್ಲ ಮಬ್ಬುಗಾರ ಕುಗ್ಗಿದ, ಕುಗ್ಗಿದ, ಕೊನೆಗೆ ನೆಲದ ಮೇಲೆ ಒಂದಿಷ್ಟು ಒದ್ದೆಯಾಗಿ ಉಳಿದ. ಬಿಸಿಲು ಬಂದು ಅದೂ ಆರಿತು.

ಕೋಳಿ ಒಂದು ಅಗುಳು ಕುಕ್ಕಿತು. ಸಿರಿಯವ್ವ ಎದ್ದು ನಿಂತು ಸೆರಗು ಕೊಡವಿದಳು. "ನಡಿ ಮಗಾ, ಒಲೆ ಆರಿರುತ್ತೆ," ಅಂದಳು, ಅಷ್ಟೇ.

ರಾಜ ಸಿರಿಯವ್ವನ ಕೈಹಿಡಿದು ಕ್ಷಮೆ ಕೇಳಿದ. ಮಗನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನಿಸಿತು ಜಯಭೋಜನಿಗೆ. ಮಂಜಿಗೆ ಸಿಕ್ಕವರೆಲ್ಲ ಮನುಷ್ಯರಾಗಿ ಮನೆ ಸೇರಿದರು, ಕೋಳಿಗಳು ಚೇತರಿಸಿಕೊಂಡವು, ಕಂಚಿನಕೋಟೆಯವರು ಉಂಡುಟ್ಟು ನಗುನಗುತ್ತಾ ಬಾಳಿದರು.

ಕೆಂಚ ಮಾತ್ರ ಮರಳಿ ಬರಲಿಲ್ಲ. ಜಯಭೋಜ ಮುಂದೆ ರಾಜನಾದ ಮೇಲೂ ದಿನಾ ಹಿತ್ತಲಿಗೆ ಹೋಗಿ ಅನ್ನ, ಸೊಪ್ಪು, ಸಿಪ್ಪೆ ಅಂತ ಎಲ್ಲವನ್ನೂ ಕೂಗುತ್ತಿದ್ದ. ಕೊನೆಯಲ್ಲಿ, ಬುಟ್ಟಿ ಖಾಲಿಯಾದ ಮೇಲೆ, ಕೆಂಚನ ಹೆಸರನ್ನು ಮೆಲ್ಲಗೆ ಹೇಳುತ್ತಿದ್ದ.

"ಕೇಳಿಸ್ಲಿಲ್ಲ ಮಗಾ," ಅನ್ನುತ್ತಿದ್ದಳು ಅಡುಗೆಮನೆ ಬಾಗಿಲಲ್ಲಿ ನಿಂತ ಸಿರಿಯವ್ವ.

ಅವನು ತಲೆಯೆತ್ತಿ ಇನ್ನೊಮ್ಮೆ ಕೂಗುತ್ತಿದ್ದ.