ರಿಪೇರಿಗೆ ಒಪ್ಪಿಗೆ

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಟೊಮೇಟೊ ತುಂಬಿದ ಪಿಕಪ್ ಒಂದು ಮಗುಚಿಬಿದ್ದ ದಿನ ಗಂಗಾಧರಸ್ವಾಮಿಯ ಎರಡು ಮುಂಬಲ್ಲು ಹೋದವು. ಭಾವನನ್ನು ಕೊಲ್ಲುವ ಯೋಚನೆ ಹುಟ್ಟಿದ್ದೂ ಅವತ್ತೇ.

ಪಿಕಪ್ಪಿನ ಡ್ರೈವರ್ ಸೊಂಟದವರೆಗೆ ಗಾಡಿಯ ಅಡಿಗೆ ಸಿಕ್ಕಿಕೊಂಡಿದ್ದ. ಗಂಗಾಧರಸ್ವಾಮಿ ತಾನೂ ಭಾವನೂ ಸೇರಿ ನಡೆಸುತ್ತಿದ್ದ ಟೋಯಿಂಗ್ ಗಾಡಿಯನ್ನು ಹಿಮ್ಮುಖವಾಗಿ ನಿಲ್ಲಿಸಿ, ಕೊಕ್ಕೆ ಸಿಕ್ಕಿಸಿ, ಉಕ್ಕಿನ ಹಗ್ಗ ಸುತ್ತುವ ರಾಟೆಗೆ ಜೋರು ಕೊಟ್ಟ. ಪಿಕಪ್ ಒಂದು ಗೇಣು ಮೇಲೆದ್ದಿತು. ಜನ ಡ್ರೈವರನ ಕಂಕುಳಿಗೆ ಕೈ ಹಾಕಿ ಎಳೆಯತೊಡಗಿದರು. ಆಗ ಕ್ಲಚ್ ಜಾರಿತು. ಸುಟ್ಟ ವಾಸನೆ ಬಂತು, ಇಂಜಿನ್ ಅರಚಿತು, ರಾಟೆಯ ಬ್ರೇಕೂ ಹಿಡಿಯಲಿಲ್ಲ. ಮೇಲೆದ್ದಿದ್ದ ಪಿಕಪ್ ಮತ್ತೆ ಅವನ ಮೇಲೇ ಕೂತಿತು. ಅವನು ಕೂಗಿದ ಕೂಗು ಪೂರ್ತಿ ಮುಗಿಯಲೇ ಇಲ್ಲ. ಜನ ಗಂಗಾಧರಸ್ವಾಮಿಯನ್ನು ಸೀಟಿನಿಂದ ಕೆಳಕ್ಕೆಳೆದು ಟೊಮೇಟೊ ಪೆಟ್ಟಿಗೆಯ ಹಲಗೆಗಳಲ್ಲಿ ಬಡಿದರು. ಅವನು ರಸ್ತೆಬದಿಯಲ್ಲಿ ರಕ್ತ ಉಗುಳುತ್ತ ಕೂತಿದ್ದಾಗ ಗುಂಡ್ಲುಪೇಟೆಯ ಪ್ರದೀಪನ ಹೊಸ ಹಳದಿ ಗಾಡಿ ಬಂತು. ಒಂದು ಗುಂಡಿ ಒತ್ತಿದ್ದಷ್ಟೆ, ಅದರ ಹೈಡ್ರಾಲಿಕ್ ಕೈ ಪಿಕಪ್ಪನ್ನು ಹೂವಿನ ಬುಟ್ಟಿಯ ಹಾಗೆ ಎತ್ತಿ ಪಕ್ಕಕ್ಕಿಟ್ಟಿತು. ಡ್ರೈವರ್ ಆಸ್ಪತ್ರೆ ಸೇರುವ ಮೊದಲೇ ಸತ್ತ.

ಸಂಜೆ ಬೇಗೂರಿನ ಮನೆಯಲ್ಲಿ ಅಕ್ಕ ಶಿವರುದ್ರಮ್ಮ ಅವನ ತುಟಿಗೆ ಅರಿಶಿನ ಮೆತ್ತುತ್ತಿದ್ದಳು. ಅವಳ ಗಂಡ ಪುಟ್ಟರಾಜು ಎದುರಿಗೆ ಕೂತು ಮುದ್ದೆ ಮುರಿಯುತ್ತಿದ್ದ. ಉಮ್ಮತ್ತೂರಿನಿಂದ ಬಂದು ಹೆಂಡತಿಯ ಊರಲ್ಲೇ ನೆಲೆಯೂರಿದ ಆಜಾನುಬಾಹು ಅವನು. ಟೋಯಿಂಗ್ ವ್ಯವಹಾರದಲ್ಲಿ ಭಾವ, ಭಾಮೈದ ಇಬ್ಬರದೂ ಸಮಪಾಲು. ಆದರೆ ಗಾಡಿ ಇದ್ದದ್ದು ಭಾವನ ಹೆಸರಲ್ಲಿ. ಹಾಗಾಗಿ ಮಾತೂ ಅವನದೇ ನಡೆಯುತ್ತಿತ್ತು.

"ಆ ಗಾಡಿ ಬ್ಯಾಡ ಭಾವ. ಗುಜರಿಗಾಕಿ ಹೊಸದು ತಕ್ಕಳನ," ಎಂದ ಗಂಗಾಧರಸ್ವಾಮಿ. ಹಲ್ಲು ಹೋದ ಸಂದಿಯಿಂದ ಮಾತು ಸೋರುತ್ತಿತ್ತು.

"ಕ್ಲಚ್ ಪ್ಲೇಟ್ ಆಕುದ್ರೆ ಸರೋಯ್ತದೆ ಬುಡು," ಎಂದ ಪುಟ್ಟರಾಜು. ಮುದ್ದೆ ನುಂಗಿ ನಕ್ಕ. "ಗಾಡಿ ಕೆಟ್ಟಿಲ್ಲ ಕಣ್ಲಾ, ನಿನ್ ಕಾಲು ಕೆಟ್ಟದೆ. ಮೂರೊತ್ತೂ ಕ್ಲಚ್ ಮ್ಯಾಲೇ ನಿಂತಿರ್ತೀಯ."

"ನನ್ ತಮ್ಮ ಒಡ್ತ ತಿಂದ್ ಬಂದವ್ನೆ, ನಿಮ್ಗೆ ನಗು," ಎಂದು ಅಕ್ಕ ಗದರಿದಳು. ಪುಟ್ಟರಾಜು ಇನ್ನೂ ಜೋರಾಗಿ ನಕ್ಕ. ಅದು ಕೆಟ್ಟ ನಗುವೇನಲ್ಲ. ಎಂಥ ಕಷ್ಟ ಬಂದರೂ ಅವನು ನಗುತ್ತಿದ್ದದ್ದೇ ಹಾಗೆ. ಆದರೆ ಸತ್ತವನ ಕೂಗು ಇನ್ನೂ ಕಿವಿಯಲ್ಲಿರುವವನಿಗೆ ಆ ನಗು ಕೇಳಿಸಿದ ರೀತಿಯೇ ಬೇರೆ.

ಆದರೂ ಅವನು ಇನ್ನೊಂದು ಅವಕಾಶ ಕೊಟ್ಟ. ಮುಂದೆ ಇದನ್ನು ನೆನೆದಾಗಲೆಲ್ಲ ತಾನು ನ್ಯಾಯವಂತ ಎನಿಸಿ ಸಮಾಧಾನವಾಗುತ್ತಿತ್ತು. ಭಾವನನ್ನೂ ಗಾಡಿಯನ್ನೂ ಚಾಮರಾಜನಗರಕ್ಕೆ ಕರೆದೊಯ್ದು, ಡೀಸೆಲ್ ಇಂಜಿನ್ನುಗಳಲ್ಲಿ ಕೈ ಪಳಗಿದ ಸುನೀಲ್ ಕುಮಾರನ ಗ್ಯಾರೇಜಿನಲ್ಲಿ ನಿಲ್ಲಿಸಿದ. ಸುನೀಲ್ ಕುಮಾರ ಇಂಜಿನ್ ಸದ್ದು ಕೇಳಿದ, ಅಡಿಗೆ ನುಸುಳಿ ಬಂದ, ಕೈ ಒರೆಸಿಕೊಂಡ.

"ಕ್ಲಚ್ ಆಕ್ಬೋದು, ಮುಂದ್ಲ ಬೇರಿಂಗೂ ಆಕ್ಬೋದು. ಆದ್ರೆ ಚಾಸಿನೇ ಬಿರುಕು ಬುಟ್ಟದೆ ಸ್ವಾಮಿ. ಇದ್ಕೆ ಮಾಡ್ಸದು ದಂಡ. ಬ್ಯಾರೆ ನೋಡ್ಕಳಿ."

"ಮುದುಕಿ ಆದ್ಲು ಅಂತ ಎಂಡ್ತಿ ಬುಟ್ಬುಡಕಾಯ್ತದಾ?" ಎಂದ ಪುಟ್ಟರಾಜು, ಗಾಡಿಯ ಬಾನೆಟ್ಟನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿ. ಗ್ಯಾರೇಜಿನವರೆಲ್ಲ ನಕ್ಕರು. ತೆರಕಣಾಂಬಿಯ ದಾರಿಯಲ್ಲಿ ವಾಪಸು ಬರುವಾಗ ಗಂಗಾಧರಸ್ವಾಮಿ ಸ್ಟಿಯರಿಂಗ್ ಹಿಡಿದಿದ್ದ. ಪಕ್ಕದಲ್ಲಿ ಭಾವ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಬದಲಾಯಿಸಬೇಕಾದದ್ದು ಗಾಡಿಯನ್ನಲ್ಲ, ಗಾಡಿಯ ಯಜಮಾನನನ್ನು ಎಂಬುದು ಆಗ ಅವನಿಗೆ ಸ್ಪಷ್ಟವಾಯಿತು. ಯಜಮಾನ ಹೋದರೆ ಗಾಡಿ ಅಕ್ಕನದಾಗುತ್ತದೆ. ಅಕ್ಕ ತಮ್ಮನ ಮಾತು ಮೀರುವವಳಲ್ಲ.

ವಿಷ, ಸುಪಾರಿ, ಘಾಟಿಯಲ್ಲಿ ಬ್ರೇಕ್ ಫೇಲ್ ಮಾಡಿಸುವುದು, ಎಲ್ಲವನ್ನೂ ಒಂದೊಂದಾಗಿ ಯೋಚಿಸಿ ಬಿಟ್ಟ. ವಿಷವನ್ನು ಡಾಕ್ಟರು ಪತ್ತೆ ಹಚ್ಚುತ್ತಾರೆ. ಸುಪಾರಿ ತೆಗೆದುಕೊಂಡವನು ಕುಡಿದಾಗ ಬಾಯಿ ಬಿಡುತ್ತಾನೆ. ಬ್ರೇಕ್ ಹೋದ ಗಾಡಿ ದಾರಿಹೋಕರನ್ನೂ ಸೇರಿಸಿ ಕೊಲ್ಲಬಹುದು, ಕೊಲ್ಲಬೇಕಾದವನನ್ನೇ ಬಿಡಲೂಬಹುದು. ಕೊನೆಗೆ ಉಳಿದದ್ದು ಅತಿ ಸರಳವಾದ ದಾರಿ. ಜಾಕ್ ಜಾರಿ ಲಾರಿ ಮೈಮೇಲೆ ಬಿದ್ದು ಸತ್ತವರು ಎಲ್ಲ ಊರಲ್ಲೂ ಇದ್ದಾರೆ. ಅವರ ಬಗ್ಗೆ ಜನ ಅಯ್ಯೋ ಅನ್ನುತ್ತಾರೆ, ಯಾರು ಮಾಡಿದರು ಎಂದು ಕೇಳುವುದಿಲ್ಲ. ರಿಪೇರಿ ರಿಪೇರಿ ಎಂದು ಬಡಿದುಕೊಂಡವನು ರಿಪೇರಿಯಲ್ಲೇ ಸತ್ತ ಅನ್ನುತ್ತಾರೆ, ಅಷ್ಟೆ.

"ಸರಿ ಭಾವ, ರಿಪೇರಿನೇ ಮಾಡ್ಬುಡನ," ಎಂದ ಒಂದು ಬೆಳಿಗ್ಗೆ. "ಬ್ಯಾರೇರ್ಗೆ ಯಾಕೆ ಕೊಡದು? ನಮ್ ಶೆಡ್ಡಲ್ಲೇ ನಾವೇ ಮಾಡನ. ಕ್ಲಚ್ಚೂ ಆಗ್ಲಿ, ಮುಂದ್ಲ ಬೇರಿಂಗೂ ಆಗ್ಲಿ."

ಪುಟ್ಟರಾಜುವಿನ ಮುಖ ಅರಳಿದ್ದು ನೋಡಿದರೆ ಯಾರಿಗಾದರೂ ಕನಿಕರ ಬರಬೇಕು. ಭಾಮೈದನ ಹೆಗಲ ಮೇಲೆ ಕೈ ಹಾಕಿ ಶೆಡ್ಡಿನವರೆಗೂ ಹಾಗೇ ನಡೆದ. "ನಿಂಗೆ ಬುದ್ಧಿ ಬತ್ತು ಬುಡು ಗಂಗಾ," ಎಂದ.

ಬೇರಿಂಗಿನ ಮಾತು ಸುಮ್ಮನೆ ಬಂದದ್ದಲ್ಲ. ಚಕ್ರ ಇದ್ದರೆ ಜಾಕ್ ಜಾರಿದರೂ ಗಾಡಿ ಚಕ್ರದ ಮೇಲೆ ನಿಲ್ಲುತ್ತದೆ, ಅಡಿಯಲ್ಲಿದ್ದವನು ಬದುಕುತ್ತಾನೆ. ಬೇರಿಂಗ್ ಹಾಕಲು ಮುಂದಿನ ಚಕ್ರಗಳನ್ನು ಬಿಚ್ಚಲೇಬೇಕು. ಆಗ ಬರೀ ಆಕ್ಸಲ್ಲು ನೇತಾಡುತ್ತದೆ, ಮನುಷ್ಯನ ತೊಡೆಗಿಂತ ದಪ್ಪದ ಕಬ್ಬಿಣ. ಬೇಗೂರಿನ ಹೆದ್ದಾರಿಯ ಬದಿಯ ಆ ತಗಡಿನ ಶೆಡ್ಡಿನ ನೆಲ ವರ್ಷಗಟ್ಟಲೆ ಆಯಿಲ್ ಕುಡಿದು ಜಾರುತ್ತಿತ್ತು. ಜಾಕ್ ಜಾರಿತೆಂದರೆ ಅನುಮಾನಕ್ಕೆ ಎಡೆಯಿಲ್ಲ. ಜಾಕಿನ ತಿರುಪನ್ನು ಮುಟ್ಟಬಾರದು, ಮುಟ್ಟಿದರೆ ಗೊತ್ತಾಗುತ್ತದೆ. ಪಕ್ಕಕ್ಕೆ ಕೊಟ್ಟ ಮರದ ದಿಮ್ಮಿಗಳನ್ನು ಸರಿಸಿ, ಜಾಕಿಗೆ ಸುತ್ತಿಗೆಯಿಂದ ಅಡ್ಡ ಹೊಡೆತ ಕೊಡಬೇಕು. ಹಗಲಲ್ಲೇ ಮಾಡಬೇಕು. ಕತ್ತಲಲ್ಲಿ ಸತ್ತರೆ ಜನ ಕತೆ ಕಟ್ಟುತ್ತಾರೆ.

ಕೆಲಸ ಹಿಡಿದ ದಿನ ಮಧ್ಯಾಹ್ನದ ಊಟವಾಗಿತ್ತು. ಕ್ಲಚ್ ಹೊರತೆಗೆಯಲು ಇಳಿಸಬೇಕಿದ್ದ ಗೇರ್‌ಬಾಕ್ಸಿನ ಅರ್ಧ ಬೋಲ್ಟುಗಳನ್ನು ಬೆಳಿಗ್ಗೆಯೇ ಇಬ್ಬರೂ ಸೇರಿ ಬಿಚ್ಚಿದ್ದರು. ಹೆದ್ದಾರಿಯಲ್ಲಿ ಕೇರಳದ ಲಾರಿಗಳು ಒಂದರ ಹಿಂದೊಂದು ಹೋಗುವಾಗ ತಗಡು ನಡುಗುತ್ತಿತ್ತು. ಪುಟ್ಟರಾಜು ಚಕ್ರ ಬಿಚ್ಚಿದ ಆಕ್ಸಲ್ಲಿನ ತುದಿಯ ಮುಂದೆ ತಲೆ ಬಗ್ಗಿಸಿ ಮಂಡಿಯೂರಿ ಕೂತಿದ್ದ. ಕೂರಲೆಂದು ಗಂಗಾಧರಸ್ವಾಮಿಯೇ ಗೋಣಿಚೀಲ ಹಾಸಿಕೊಟ್ಟಿದ್ದ. ರಕ್ತ ನೆಲಕ್ಕೆ ಇಳಿಯಬಾರದಲ್ಲ.

"ಮಂಡಿ ನೋವ್ಗೆ ಒಳ್ಳೇದಾಯ್ತು ಕಣ್ಲಾ ಇದು," ಎಂದ ಪುಟ್ಟರಾಜು, ತಲೆಯೆತ್ತದೆ.

ಗಂಗಾಧರಸ್ವಾಮಿ ಚಕ್ರ ಬಿಚ್ಚುವ ರಾಡನ್ನು ಎರಡೂ ಕೈಯಲ್ಲಿ ಎತ್ತಿ ಅವನ ಹಿಂದಲೆಗೆ ಹೊಡೆದ.

ತೆಂಗಿನಕಾಯಿ ಬಿರಿದಂತೆ ಸದ್ದಾಯಿತು. ಆದರೆ ಪುಟ್ಟರಾಜು ಬೀಳಲಿಲ್ಲ. ಒಂದು ಕೈಯನ್ನು ನೆಲಕ್ಕೂರಿ, ಇನ್ನೊಂದನ್ನು ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ದು ಮುಟ್ಟಿ ನೋಡಿಕೊಂಡ. ಬೆರಳುಗಳು ಒಳಕ್ಕೆ ಹೋದವು.

"ಗಂಗಾ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಏನೋ ಬಿತ್ತು ಕಣ್ಲಾ ಮ್ಯಾಲಿಂದ. ನೀನ್ ಅತ್ಲಾಗೋಗು."

ಇದೊಂದನ್ನು ಗಂಗಾಧರಸ್ವಾಮಿ ಲೆಕ್ಕ ಹಾಕಿರಲಿಲ್ಲ. ರಾಡು ಕೈಯಲ್ಲಿ ಒಂದು ಗಳಿಗೆ ನಿಂತುಬಿಟ್ಟಿತು. ಅಷ್ಟರಲ್ಲಿ ಭಾವ ಅವನ ಕಡೆ ತಿರುಗತೊಡಗಿದ್ದ. ತಿರುಗಿದರೆ ಮುಖ ಕಾಣುತ್ತದೆ. ಅವನು ಕಣ್ಣು ಮುಚ್ಚಿ ಅದೇ ಜಾಗಕ್ಕೆ ಮತ್ತೆ ಹೊಡೆದ, ಮತ್ತೂ ಹೊಡೆದ, ಭಾವ ಮುಂದಕ್ಕೆ ಮುಗ್ಗರಿಸಿ ಬಿದ್ದ ಮೇಲೂ ಹೊಡೆದ. ಭಾವನ ಕಾಲ್ಬೆರಳುಗಳು ಗೋಣಿಯನ್ನು ಕೆರೆದು ಕೆರೆದು ಸುಮ್ಮನಾದವು.

ಆಮೇಲೆ ಗಂಗಾಧರಸ್ವಾಮಿಯ ತಲೆ ಮತ್ತೆ ನೆಟ್ಟಗೆ ಕೆಲಸ ಮಾಡತೊಡಗಿತು. ಏಟು ಬಿದ್ದದ್ದು ಹಿಂದಲೆಗೆ. ಕಬ್ಬಿಣವೂ ಅಲ್ಲಿಗೇ ಬೀಳಬೇಕು, ಅಂಗುಲವೂ ಆಚೀಚೆ ಆಗಬಾರದು. ಒಂದು ಗಾಯ ಇನ್ನೊಂದನ್ನು ನುಂಗಿಬಿಡಬೇಕು. ಬೋರಲು ಬಿದ್ದಿದ್ದ ಹೆಣವನ್ನು ಗೋಣಿಯ ಸಮೇತ ಹಾಗೇ ಆಕ್ಸಲ್ಲಿನ ಅಡಿಗೆ ಜಗ್ಗಿ, ತಲೆಯನ್ನು ಗೇಣು ಹಾಕಿ ಸರಿಯಾಗಿ ಕೂಡಿಸಿದ. ಭಾವನ ಕೈಗೆ ಸ್ಪಾನರ್ ಹಿಡಿಸಿದ. ದಿಮ್ಮಿ ಸರಿಸಿ, ದೊಡ್ಡ ಲಾರಿಯೊಂದು ಹಾದುಹೋಗುವವರೆಗೆ ಕಾದು, ಜಾಕಿಗೆ ಬಲವಾಗಿ ಬಡಿದ. ಹಳೆಯ ಗಾಡಿ ಒಮ್ಮೆಲೇ ಮಂಡಿಯೂರಿತು. ಅಡಿಯಿಂದ ಬಂದ ಸದ್ದು ನಿಲ್ಲುವವರೆಗೆ ಕಾದ. ಬಗ್ಗಿ ನೋಡಿದ. ರಾಡಿನ ಗುರುತು ಇರಬೇಕಾದ ಜಾಗವೇ ಉಳಿದಿರಲಿಲ್ಲ.

ರಾಡನ್ನೂ ಕೈಕಾಲನ್ನೂ ಡೀಸೆಲ್ಲಿನಲ್ಲಿ ತೊಳೆದು, ಅಂಗಿ ಬದಲಿಸಿ, ರಕ್ತ ಸಿಡಿದಿದ್ದ ಅಂಗಿಯನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಹೊರಬಂದ. ದಾರಿಯಲ್ಲಿ ಸುಟ್ಟರಾಯಿತು. ಎದುರಿನ ಟೀ ಅಂಗಡಿಯ ಮಂಗಮ್ಮನಿಗೆ ಕೂಗಿ ಹೇಳಿದ: "ಗುಂಡ್ಲುಪೇಟ್ಗೋಗಿ ಕ್ಲಚ್ ಪ್ಲೇಟ್ ತತ್ತೀನಿ ಕಣಮ್ಮಾ. ಭಾವ ಗಾಡಿ ಕೆಳ್ಗವ್ನೆ. ಒಸಿ ಒತ್ತು ಬುಟ್ಟು ಒಂದ್ ಟೀ ಕೊಟ್ಬಾ." ಗುಂಡ್ಲುಪೇಟೆಯ ಅಂಗಡಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಭಾವನ ಮೊಬೈಲಿಗೆ ಫೋನು ಮಾಡಿದ. "ಎತ್ತಾ ಇಲ್ಲ, ಕೈಯೆಲ್ಲ ಗ್ರೀಸಾಗಿರ್ತದೆ," ಎಂದು ನಕ್ಕ. ವಾಪಸು ಫೋನು ಬಂದದ್ದು ಮಂಗಮ್ಮನದು. ಅವಳು ಬರೀ ಕಿರುಚಿದಳು.

ಮಿಕ್ಕಿದ್ದೆಲ್ಲ ಅಂದುಕೊಂಡಂತೆಯೇ ನಡೆಯಿತು. ಎಸ್‌ಐ ಸ್ವರ್ಣಲತಾ ಬಂದರು, ಫೋಟೊ ತೆಗೆಸಿದರು. ಭಾವ ಗಾಡಿಯ ಅಡಿಗೆ ಹೋಗಿ ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚುತ್ತಿದ್ದ ಎಂದು ಗಂಗಾಧರಸ್ವಾಮಿ ಹೇಳಿಕೆ ಕೊಟ್ಟ. ಗಾಡಿಯನ್ನು ಹೆಣದ ಮೇಲಿನಿಂದ ಎತ್ತಲು ಪ್ರದೀಪನ ಹಳದಿ ಗಾಡಿಯೇ ಬರಬೇಕಾಯಿತು. ಒಂದು ಗುಂಡಿ ಒತ್ತಿದ್ದಷ್ಟೆ. ನಾನು ಹೇಳುತ್ತಿದ್ದದ್ದು ಇದನ್ನೇ ಭಾವ, ಎಂದುಕೊಂಡ ಗಂಗಾಧರಸ್ವಾಮಿ, ಗೋಳೋ ಎಂದು ಅಳುತ್ತಲೇ. ಆ ಅಳುವಿನಲ್ಲಿ ಎಷ್ಟು ನಿಜವಿತ್ತೆಂಬುದು ಅವನಿಗೂ ಗೊತ್ತಾಗಲಿಲ್ಲ. ಅಕ್ಕ ಮಾತ್ರ ಅಳಲಿಲ್ಲ. ಗಾಡಿಯ ಬಾನೆಟ್ಟಿಗೆ ಚಪ್ಪಲಿಯಲ್ಲಿ ಹೊಡೆದು ಹೊಡೆದು, ಸುಸ್ತಾಗಿ ಕುಸಿದಳು. ಹೂಳುವ ಕಾರ್ಯ ಮುಗಿಯಿತು, ಜಂಗಮರಿಗೆ ಊಟವಾಯಿತು. "ಆ ಗಾಡಿನ ಕಣ್ಣೆದ್ರಿಂದ ತಗುಸ್ಬುಡು ಗಂಗಾ. ಎಲ್ಲಿಗ್ ಬೇಕಾರು ಸೈನ್ ಆಕ್ತೀನಿ," ಎಂದಳು ಅಕ್ಕ. ಗುಜರಿಯವನಿಗೆ ಹೇಳಿ ಕಳಿಸಿದ್ದೂ ಆಯಿತು.

ಗುಜರಿಯವನು ಬರುವ ಮುನ್ನ ಸ್ವರ್ಣಲತಾ ಬಂದರು, ಜೊತೆಗೆ ಪೇದೆ ಮೂಗಯ್ಯ. ಪ್ರದೀಪ ಕಲ್ಲಿನ ಗುಂಡುಗಳ ಮೇಲೆ ಕೂಡಿಸಿಹೋದಂತೆ ಗಾಡಿ ಅಲ್ಲೇ ನಿಂತಿತ್ತು.

"ಕೇಸ್ ಮುಗಿಸ್ಬೇಕಲ್ಲ, ಗಂಗಾಧರಸ್ವಾಮಿ. ನನಗೆ ಲಾರಿ ಕೆಲಸ ಏನೂ ಗೊತ್ತಿಲ್ಲ. ಆ ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚೋದು ಹೇಗೆ ಅಂತ ಒಂದ್ಸಲ ತೋರಿಸಿಬಿಡಿ, ಬರೆದುಕೊಂಡು ಹೋಗ್ತೀನಿ."

ಹೆದರುವವನು ಹಿಂದೆ ಸರಿಯುತ್ತಾನೆ. ಗಂಗಾಧರಸ್ವಾಮಿ ಹಿಂದೆ ಸರಿಯಲಿಲ್ಲ. ಹೊಸ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಕಾಲಿನಿಂದ ನೆಲ ಒದ್ದುಕೊಂಡು ಗಾಡಿಯ ಅಡಿಗೆ ಸರಾಗವಾಗಿ ಜಾರಿದ. ಸ್ಪಾನರನ್ನು ಮೇಲಕ್ಕೆತ್ತಿ ಬೋಲ್ಟಿಗೆ ಕೂಡಿಸಿದ.

"ನೋಡಿ ಮೇಡಂ, ಇಂಗೆ. ಎಲ್ಲಾ ತಲೆ ಮ್ಯಾಲೇ ಇರ್ತದೆ. ಒಂದೊಂದ್ನೇ ತಿರುಗ್ಸಿ ಬಿಚ್ಕಬೇಕು."

"ಪುಟ್ಟರಾಜು ಅವರೂ ಹೀಗೇ ಮಲಗಿ ಬಿಚ್ತಿದ್ರಾ?"

"ಅಯ್ಯೋ, ಎಲ್ರೂ ಇಂಗೇ ಮೇಡಂ. ಬ್ಯಾರೆ ತರ ಆಗಕಿಲ್ಲ."

ಅವನಿಗೆ ಕಾಣುತ್ತಿದ್ದದ್ದು ಮೂಗಯ್ಯನ ಬೂಟುಗಳು ಮಾತ್ರ. ಅವು ಗಾಡಿಯನ್ನು ಸುತ್ತಿ ಬಂದು ಅವನ ಕಾಲ ಬಳಿ ನಿಂತವು. ಆಮೇಲೆ ಎಸ್‌ಐ ಆಕ್ಸಲ್ಲಿನ ಪಕ್ಕದಲ್ಲಿ ಕುಕ್ಕರಿಸಿ ಕೂತು, ಮೊಬೈಲಿನ ಫೋಟೊವೊಂದನ್ನು ಅವನ ಮುಖದ ಮೇಲೆ ಹಿಡಿದರು. ಅದರಲ್ಲಿ ಭಾವ ಆಕ್ಸಲ್ಲಿನ ಅಡಿಯಲ್ಲಿ ಬೋರಲು ಮಲಗಿದ್ದ. "ಹಾಗಾದ್ರೆ ಹೇಳಿ," ಎಂದರು ಸ್ವರ್ಣಲತಾ ಮೆಲ್ಲಗೆ. "ಬೋಲ್ಟೆಲ್ಲ ಮೇಲಿದ್ರೆ, ನಿಮ್ಮ ಭಾವ ನೆಲ ನೋಡ್ಕೊಂಡು ಏನನ್ನ ಬಿಚ್ತಿದ್ರು?"