ಹುಲ್ಲು ಹಾಸಿಗೆಯೊಳಗಿನ ಬಿಳಿ ಲೇಸು

ಗಾಜಿನ ಕಪಾಟಿನಿಂದ ಮಾಯವಾಗಿದ್ದ ಹನ್ನೆರಡು ಗಜ ಮದುವೆ ಲೇಸು ಸಿಕ್ಕಿದ್ದು ಅಂಗಡಿ ಹುಡುಗಿ ಲೆಟ್ಟಿಯ ಹುಲ್ಲು ಹಾಸಿಗೆಯ ಹೊಟ್ಟೆಯಲ್ಲಿ. ನೀಲಿ ಕಾಗದದಲ್ಲಿ ಒಪ್ಪವಾಗಿ ಸುತ್ತಿತ್ತು.

"ನೋಡಿದಿರಾ?" ಜವಳಿ ಅಂಗಡಿಯ ಯಜಮಾನ ಸ್ಕರ್ಫೀಲ್ಡ್ ಮೂಗಿಗೆ ಕರವಸ್ತ್ರ ಒತ್ತಿಕೊಂಡ. "ನನ್ನ ಮನೇಲೇ ಉಂಡು, ನನ್ನ ಮನೇಲೇ ಮಲಗಿ, ನನಗೇ ಕನ್ನ!"

ಮೂಗು ಮುಚ್ಚಬೇಕಾದಂಥ ಕೋಣೆಯೇ. ಅಂಗಡಿಯ ಮೇಲೆ, ಮಾಡಿನಡಿ, ಆರು ಹುಡುಗಿಯರಿಗೆ ಮೂರು ಹಾಸಿಗೆ, ಒಂದೇ ಬೋಗುಣಿ ನೀರು. ಗೋಡೆ ತುಂಬ ತಿಗಣೆ ಹೊಸಕಿದ ಕಲೆ. ಆದರೆ ಅಡುಗೆಯ ಮುದುಕಿ ಹೆಪ್ಜಿಬಾಳಿಗೆ ಹೇಸಿಗೆಯಾದದ್ದು ಆ ಮಾತಿಗೆ. ಯಜಮಾನ ಅಗ್ಗಕ್ಕೆ ತಂದ ಹಳಸಲು ಮಾಂಸವನ್ನು ವಿನೆಗರಿನಲ್ಲಿ ತೊಳೆದು ಬಡಿಸಿದ ಕೈ ಅವಳದೇ. ಹೋದ ವಾರ ಲೆಟ್ಟಿ ಹುಳ ಬಿದ್ದ ತಟ್ಟೆಯನ್ನು ಗಿರಾಕಿಗಳ ಎದುರೇ ತಂದು ಇವನ ಮುಂದಿಟ್ಟಿದ್ದಳು.

ಪೊಲೀಸ್ ಸಾರ್ಜೆಂಟ್ ಪಿಮ್ ಹುಡುಗಿಯತ್ತ ತಿರುಗಿದ. "ಕದ್ದೆಯಾ?"

"ಇಲ್ಲ ಸ್ವಾಮಿ."

"ಮತ್ತೆ ಅದಕ್ಕೇನು ಕಾಲು ಬಂತಾ?"

ಲೆಟ್ಟಿ ಮುದುಕಿಯ ಏಪ್ರನ್ನಿನ ಅಂಚು ಹಿಡಿದಳು. "ಅವ್ವಾ, ನಡತೆ ಪತ್ರ ಇಲ್ದೆ ಯಾವ ಅಂಗಡಿಯವ್ರು ತಗೋತಾರೆ? ಬೀದಿಯೇ ಗತಿ ನಂಗೆ."

ಹೆಪ್ಜಿಬಾ ಆ ಕೈ ಎತ್ತಿ ಹಿಡಿದಳು. "ಸಾರ್ಜೆಂಟ್ರೇ, ಇದನ್ನ ನೋಡಿ."

ಮಣಿಕಟ್ಟಿನವರೆಗೂ ಕಪ್ಪು.

"ಸಾವಿನ ಮನೆಯವ್ರಿಗೆ ಕರಿ ಬಟ್ಟೆ ಅಳೆಯೋಳು ಇವಳು. ಬಣ್ಣ ಚರ್ಮಕ್ಕೇ ಇಳಿದಿದೆ. ಬ್ರೆಡ್ ಮುಟ್ಟಿದ್ರೂ ಅಚ್ಚು ಬೀಳುತ್ತೆ. ಲೇಸಲ್ಲಿ ಒಂದು ಚುಕ್ಕೆ ತೋರ್ಸಿ!"

ಸಾರ್ಜೆಂಟ್ ಬಿಚ್ಚಿದ. ಹಾಲಿನಷ್ಟು ಬಿಳುಪು. ಕಾಗದವೂ ಶುದ್ಧ.

"ಕೈ ತೊಳ್ಕೊಂಡಿರ್ತಾಳೆ," ಎಂದ ಸ್ಕರ್ಫೀಲ್ಡ್.

ಮುದುಕಿ ಒದ್ದೆ ಅರಿವೆಯಿಂದ ಆ ಬೆರಳುಗಳನ್ನು ತಿಕ್ಕಿದಳು. ಅರಿವೆ ಕಪ್ಪಾಯಿತು, ಬೆರಳು ಬೆಳ್ಳಗಾಗಲಿಲ್ಲ.

"ಹಾಗಾದ್ರೆ ಇಟ್ಟವರು ಯಾರಜ್ಜೀ?" ಎಂದ ಸಾರ್ಜೆಂಟ್.

"ಕಪಾಟಲ್ಲಿ ಲೇಸು ಬರೀ ಸುರುಳಿಯಾಗಿ ಇತ್ತು. ನೀಲಿ ಕಾಗದ ಆಮೇಲೆ ಸುತ್ತಿದ್ದು. ಬಿಳಿ ಲೇಸು ಹಳದಿಗಟ್ಟಬಾರ್ದು ಅಂತ ಜವಳಿಯವ್ರು ಹಾಗೆ ಸುತ್ತಿಡ್ತಾರೆ. ಈ ಮನೇಲಿ ಆ ಕಾಗದ ಇರೋದು ಯಜಮಾನ್ರ ಪೆಟ್ಟಿಗೇಲಿ, ಬೀಗ ಹಾಕಿ. ಕೀಲಿ ಅವ್ರ ಜೇಬಲ್ಲಿ."

"ಏ ಮುದುಕಿ, ನಾಲಿಗೆ ಬಿಗಿಹಿಡಿ—"

"ನಿಮ್ಮ ನಲವತ್ತು ವರ್ಷದ ಅಭ್ಯಾಸ, ಧಣೀ, ಬಚ್ಚಿಡೋವಾಗ್ಲೂ ಕೈ ಬಿಡಲಿಲ್ಲ. ಕದ್ದವಳಾದ್ರೆ ಸಿಕ್ಕಿದ ಬೆಲೆಗೆ ಮಾರಿಬಿಡ್ತಾಳೆ. ಹಳದಿಯಾದ್ರೆ ಅವಳಿಗೇನು? ಆ ಚಿಂತೆ, ಮತ್ತೆ ಕಪಾಟಲ್ಲಿ ಇಡಬೇಕಾದೋರಿಗೆ ಮಾತ್ರ. ಹುಳದ ಮಾತು ಊರಲ್ಲಿ ಹರಡೋಕ್ಮುಂಚೆ ಇವಳನ್ನ ಕಳ್ಳಿ ಮಾಡ್ಬೇಕಿತ್ತು. ಕಳ್ಳಿ ಮಾತನ್ನ ಯಾರು ನಂಬ್ತಾರೆ?"

ಸಾರ್ಜೆಂಟನ ಕೈಯಿಂದ ಲೇಸು ಜಾರಿ ಆ ಕೊಳಕು ನೆಲಕ್ಕೆ ಬಿತ್ತು. ಜಾರಿತೋ, ಅವನೇ ಬಿಟ್ಟನೋ—

"ಅಯ್ಯೋ!" ಸ್ಕರ್ಫೀಲ್ಡ್ ಮಂಡಿಯೂರಿ ಬಿದ್ದ. ಎರಡೂ ಕೈಯಲ್ಲಿ ಬಾಚಿ, ಧೂಳನ್ನು ಉಫ್ ಉಫ್ ಎಂದು ಊದತೊಡಗಿದ. ಪಕ್ಕದಲ್ಲೇ ನಿಂತಿದ್ದ ಹುಡುಗಿಯ ಕಡೆ ತಲೆಯೆತ್ತಿಯೂ ನೋಡಲಿಲ್ಲ.

ಪಿಮ್ ಅವನ ಕತ್ತುಪಟ್ಟಿ ಹಿಡಿದು ಎಬ್ಬಿಸಿದ. "ನಡಿಯಯ್ಯಾ ಠಾಣೆಗೆ. ಮೊದಲು ಈ ಹುಡುಗಿಗೆ ನಡತೆ ಪತ್ರ ಬರಿ. ನಾನು ಹೇಳ್ತೀನಿ, ನೀನು ಬರಿ."