ಹಗ್ಗ ಹಿಡಿದವನ ಅಕ್ಕ

ರಾತ್ರಿ ಬಾಗಿಲು ಬಡಿದ ಸದ್ದಾಯಿತು. ಹೆಗ್ಗಡದೇವನಕೋಟೆಯ ಬಾಡಿಗೆ ಮನೆಯ ಕದ ತೆರೆದ ಪ್ರಮೀಳಾಗೆ ಕಂಡವನು ಕಾಡಂಚಿನ ಹಾಡಿಯ ಜೇನುಕುರುಬ ದಾಸಯ್ಯ.

“ಮಾದೇಶಪ್ಪನ್ನ ಕಳ್ಸವ್ವ.”

“ಈ ಹೊತ್ನಲ್ಲಿ ಯಾಕೆ?”

ತಮ್ಮ ಮಾದೇಶ ಆಗಲೇ ಜೀಪಿನ ಕೀ ಹಿಡಿದು ಹೊರಟಿದ್ದ.

“ನಾನೂ ಬತ್ತೀನಿ,” ಎಂದಳು ಪ್ರಮೀಳಾ. ಹಾಡಿಯಲ್ಲಿ ನಟರಾಜು ಇರುತ್ತಾನೆ, ಅವನಿದ್ದಲ್ಲಿ ಅವನ ಸಹಾಯಕಿ ಕಾವ್ಯಶ್ರೀಯೂ.

ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆತನದ ನಟರಾಜು ಹತ್ತು ವರ್ಷ ಅಂಡಮಾನಿನ ಕಡಲಲ್ಲಿ ತಿಮಿಂಗಿಲಗಳ ದನಿ ಆಲಿಸುತ್ತ, ದ್ವೀಪಗಳ ಬುಡಕಟ್ಟಿನವರೊಡನೆ ಉಂಡು ಮಲಗಿದವನು. ಈ ಬೇಸಿಗೆ ಜೇನಿನ ಹಾಡುಗಳನ್ನು ಟೇಪಿಗಿಳಿಸಲು ಬಂದಿದ್ದ. ಹಾಡಿಯ ಶಾಲೆಯ ಟೀಚರ್ ಪ್ರಮೀಳಾ ಅವನ್ನು ಬರೆದುಕೊಡುತ್ತಿದ್ದಳು. ಹಾಳೆ ಪಡೆಯುವಾಗೆಲ್ಲ ಅವನ ನೋಟ ಅಕ್ಷರಗಳನ್ನು ಬಿಟ್ಟು ಅವಳ ಬಳೆಗಳ ಮೇಲೆ ತಂಗುತ್ತಿತ್ತು. ಮಾತು ಮಾತ್ರ ಬಾಯಿ ದಾಟಿರಲಿಲ್ಲ.

ತಿಮಿಂಗಿಲಗಳ ಮೇಲಿನ ಹೊಟ್ಟೆಕಿಚ್ಚನ್ನು ಅವಳು ಹೇಗೋ ನುಂಗಿದ್ದಳು. ಅವು ದಡ ಹತ್ತಿ ಬರುವ ಪೈಕಿಯಲ್ಲ. ಆದರೆ ಕಾವ್ಯಶ್ರೀ ಜೀನ್ಸ್ ತೊಟ್ಟು ಬಂದಿದ್ದಳು. ನಾಡಿದ್ದು ಅವನೊಡನೆ ಆರು ತಿಂಗಳಿಗೆ ಹಡಗು ಹತ್ತುವವಳು.

ಹಾಡಿಯಾಚೆಯ ಮತ್ತಿ ಮರದ ಬುಡದಲ್ಲಿ ಪಂಜು ಹೊಗೆಯಾಡುತ್ತಿತ್ತು. ಕಾವ್ಯಶ್ರೀಯ ಹೆಗಲ ಮೇಲೆ ನಟರಾಜುವಿನ ಜರ್ಕಿನ್!

“ನಿದ್ದೆ ಬರ್ಲಿಲ್ವಾ ಟೀಚರ್?” ಎಂದಳು ಅವಳು.

“ಚಳಿಯಂತೂ ಇಲ್ಲ ಕಣ್ರೀ. ನಿಮಗೇ ಜಾಸ್ತಿ ಅನ್ಸುತ್ತೆ.”

ಕಾವ್ಯಶ್ರೀ ನಕ್ಕು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು. ಕತ್ತಲ ಕೊಂಬೆಯಲ್ಲಿ ಯಾರೋ ಹೆಜ್ಜೇನಿನ ಕಡೆ ತೆವಳುತ್ತಿದ್ದರು. ಅವರ ನಡುವಿಗೆ ಕಟ್ಟಿದ ಹಗ್ಗದ ತುದಿಯನ್ನು ದಾಸಯ್ಯ ಮಾದೇಶನ ಕೈಗಿತ್ತ.

“ಲೇ, ನಿನಗ್ಯಾಕ್ಲಾ ಈ ಉಸಾಬರಿ? ಹಾಡೀಲಿ ಬೇರೆ ಆಳಿಲ್ವಾ?”

“ಬೇರೆಯೋರು ಮುಟ್ಟಂಗಿಲ್ಲ ಕಣವ್ವ,” ಎಂದ ದಾಸಯ್ಯ. “ಮರ ಅತ್ತೋನ ಅಗ್ಗವ ಎಂಡ್ರ ತಮ್ಮನೇ ಇಡೀಬೇಕು. ಅಕ್ಕನ ಬಾಳು ನೋಡೋ ಕೈ ಜಾರಾಕಿಲ್ಲ. ‘ಎಂಡ್ತಿ ಆಗೋಳ ತಮ್ಮ ಆಯ್ತಾನಾ?’ ಅಂದ್ರು ಮ್ಯಾಲಿರೋರು. ‘ಅವಳು ಒಪ್ಪಿದ್ರೆ’ ಅಂದೆ. ಅಕ್ಕ ಒಪ್ಪವ್ಳೆ ಅಂತ ಈ ಮಾದೇಶಪ್ಪನೇ ಆಣೆ ಮಾಡ್ದ.”

ಪ್ರಮೀಳಾ ತಮ್ಮನನ್ನು ದುರುಗುಟ್ಟಿ ನೋಡಿದಳು. ಅವನಿಗಿದ್ದ ಅಕ್ಕ ಒಬ್ಬಳೇ.

“ಒಪ್ಗೇನಾ? ಬೇಗ ಏಳಕ್ಕ, ಅಂಗೈ ಉರೀತದೆ. ಇಡ್ಕೊಂಡಿರ್ಲಾ, ಬುಡ್ಲಾ?”

“ಬುಟ್ರೆ ಕೈ ಮುರೀತೀನಿ!”

ಕಾವ್ಯಶ್ರೀ ಜರ್ಕಿನ್ ಕಳಚಿ ಅವಳ ಹೆಗಲಿಗೆ ಹೊದಿಸಿದಳು. ಪ್ರಮೀಳಾ ಅದರ ಅಂಚುಗಳನ್ನು ಎದೆಗೆಳೆದುಕೊಂಡಳು. ಕತ್ತೆತ್ತಿ, ಹೊಗೆಯೊಳಗೆ ಕಣ್ಣು ಕಿರಿದು ಮಾಡಿ, ಗದರಿಸಿಯೇ ಕೇಳಿದಳು.

“ಯಾರ್ರೀ ಅದು, ನನ್ನ ಒಂದು ಮಾತೂ ಕೇಳದೆ ನನ್ನ ತಮ್ಮನ ಕೈಗೆ ಪ್ರಾಣ ಕೊಟ್ಟೋರು?”

“ನಾನೇ ಕಣ್ರೀ, ನಟರಾಜು.”